ಗಾಳದ ಕೋಲು ತರಬೇಡ, ಕಾಫಿ ಪುಡಿ ತಾ

‘ಸೆಪ್ಟೆಂಬರ್ ಮೊದಲ ವಾರ ಕೆನಡಾದ ಕ್ಯಾಲ್ಗರಿಗೆ ಬರುತ್ತಿದ್ದೇನೆ ಅಣ್ಣಾ, ಮೂಡಿಗೆರೆಯಲ್ಲಿ ಹೇಮಾವತಿಗೆ ಗಾಳ ಹಾಕಿ ಬೆಳೆದವನು, ಅಲ್ಲಿ ಆಫೀಸು ಮನೆ ಬಿಟ್ಟರೆ ಬೇರೇನಿದೆ, ಗಾಳದ ಕೋಲು ತರಲಾ’ ಅಂತ ಕೇಳಿದ್ದೀಯ. ಕೋಲು ತರಬೇಡ. ಆ ಜಾಗಕ್ಕೆ ಕಾಫಿ ಪುಡಿ ತುಂಬು.

ಹೊಳೆ ಊರಿನ ನಡುವೆಯೇ ಇದೆ. ಹೆಸರು ಬೋ. ಬ್ಯಾನ್ಫ್ ಕಡೆಯ ಬೆಟ್ಟಗಳಿಂದ ಇಳಿದು ಬರುತ್ತದೆ. ಜೂನ್‌ನಲ್ಲಿ ಹಿಮ ಕರಗಿ ಕದಡಿ ಹರಿಯುತ್ತದೆ. ಸೆಪ್ಟೆಂಬರ್ ಹೊತ್ತಿಗೆ ತಳದ ಕಲ್ಲು ಕಾಣುವಷ್ಟು ತಿಳಿ. ಇರೋದು ಟ್ರೌಟ್ ಮೀನು. ಬ್ರೌನ್, ರೇನ್‌ಬೋ ಎರಡೂ ನಮ್ಮ ಹಾಗೆ ಹೊರಗಿನಿಂದ ಬಂದವೇ. 1925ರಲ್ಲಿ ಬ್ರೌನ್ ಟ್ರೌಟ್ ಮರಿ ಸಾಗಿಸುತ್ತಿದ್ದ ಲಾರಿ ದಾರಿಯಲ್ಲಿ ಕೆಟ್ಟು ನಿಂತಿತಂತೆ. ಸಾಯುವುದು ಬೇಡ ಅಂತ ಪಕ್ಕದ ತೊರೆಗೆ ಸುರಿದರಂತೆ. ಹೊಳೆ ಹತ್ತಿರ ಯಾರನ್ನು ಕೇಳಿದರೂ ಈ ಕಥೆ ಹೇಳುತ್ತಾರೆ.

ಎರೆಹುಳ ಮರೆತುಬಿಡು. ಇಲ್ಲಿ ಕೊಕ್ಕೆಗೆ ಗರಿ, ಕೂದಲು ಸುತ್ತಿ ಮಾಡಿದ ಹುಸಿ ಹುಳ. ಅದಕ್ಕೆ ತೂಕವೇ ಇಲ್ಲ. ನಮ್ಮ ಗಾಳದಲ್ಲಿ ಸೀಸದ ಗುಂಡು ದಾರವನ್ನು ಎಳೆದುಕೊಂಡು ಹೋಗುತ್ತದೆ, ಇಲ್ಲಿ ದಪ್ಪ ದಾರವೇ ತೂಕ. ಕೋಲನ್ನು ಹಿಂದಕ್ಕೆ ಬೀಸಿ, ದಾರ ಬೆನ್ನ ಹಿಂದೆ ಪೂರ್ತಿ ಚಾಚುವ ತನಕ ಕಾದು, ಆಮೇಲೆ ಮುಂದಕ್ಕೆ ಬೀಸಬೇಕು. ಆ ಅರೆಗಳಿಗೆ ಕಾಯೋದೇ ಕಷ್ಟ. ಅವಸರ ಮಾಡಿದರೆ ದಾರವೆಲ್ಲ ಕಾಲ ಬುಡದಲ್ಲಿ ಗುಡ್ಡೆ. ಹುಳ ಹರಿವಿನ ಜೊತೆಗೇ ತೇಲಬೇಕು, ದಾರ ಸ್ವಲ್ಪ ಜಗ್ಗಿದರೂ ಮೀನು ಮುಟ್ಟುವುದಿಲ್ಲ. ತಿಂಗಳ ಮೊದಲಲ್ಲಿ ಬಿಸಿಲಿನ ಮಧ್ಯಾಹ್ನ ಗಾಳಿ ಎದ್ದರೆ ದಡದ ಹುಲ್ಲಿನಿಂದ ಮಿಡತೆಗಳು ನೀರಿಗೆ ಬೀಳುತ್ತವೆ. ಆಗ ಮಿಡತೆಯಂಥ ಹುಳ ಕಟ್ಟಿ, ದಡಕ್ಕೆ ಒತ್ತಿಕೊಂಡೇ ಬಿಡು.

ಬಂದ ತಕ್ಷಣ ಆನ್‌ಲೈನ್‌ನಲ್ಲಿ ವಿನ್ ನಂಬರ್, ಅಂದರೆ ಲೈಸೆನ್ಸಿಗೆ ಬೇಕಾದ ಗುರುತಿನ ಸಂಖ್ಯೆ ಮಾಡಿಸಿ, ಮೀನು ಹಿಡಿಯುವ ಲೈಸೆನ್ಸ್ ತಗೋ. ಅದರ ವರ್ಷ ಏಪ್ರಿಲ್ 1ರಿಂದ ಮಾರ್ಚ್ 31. ಯಾವ ಭಾಗದಲ್ಲಿ ಯಾವ ಮೀನು ಇಟ್ಟುಕೊಳ್ಳಬಹುದು ಅನ್ನುವ ನಿಯಮ ಪುಸ್ತಕ ಓದಿಯೇ ನೀರಿಗಿಳಿ. ಬುಲ್ ಟ್ರೌಟ್ ಅನ್ನೋ ಜಾತಿ ಸಿಕ್ಕರೆ ನಮ್ಮ ಈ ಆಲ್ಬರ್ಟಾ ಪ್ರಾಂತ್ಯದಲ್ಲಿ ಎಲ್ಲೇ ಆದರೂ ಬಿಡಲೇಬೇಕು. ನಾನು ಎಲ್ಲವನ್ನೂ ಬಿಡುತ್ತೇನೆ. ಒಣ ಕೈಯಲ್ಲಿ ಹಿಡಿದರೆ ಮೈಮೇಲಿನ ಲೋಳೆ ಹೋಗುತ್ತದೆ, ಅದಕ್ಕೆ ಮೊದಲು ಕೈ ಒದ್ದೆ ಮಾಡಿಕೋ. ತಿನ್ನದ ಮೀನು ಯಾಕೋ ಹಿಡಿಯೋದು ಅಂತ ಅಮ್ಮ ಫೋನಿನಲ್ಲಿ ಬೈತಾರೆ. ಶೃಂಗೇರಿಯಲ್ಲಿ ತುಂಗೆಯ ಮೀನಿಗೆ ಪುರಿ ಹಾಕಿ ಬರುವವರು ಅವರೇ ಅಲ್ವಾ!

ನನ್ನ ಮಾತು ಕೇಳಿದರೆ ಮೊದಲ ತಿಂಗಳ ರಜಾದಿನಗಳನ್ನು ಸೋಫಾ, ಮಂಚ ಹುಡುಕೋದರಲ್ಲಿ ಕಳೆಯಬೇಡ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೇ ಸೂರ್ಯ ಮುಳುಗುತ್ತಾನೆ, ಅಂಗಡಿ ಸುತ್ತಲು ಆಗ ಬೇಕಾದಷ್ಟು ಹೊತ್ತಿರುತ್ತದೆ. ಆಫೀಸಿನಲ್ಲಿ ಹವಾಮಾನ ಬಿಟ್ಟು ಬೇರೆ ಮಾತಾಡದ ಜನ ಹೊಳೆ ದಡದಲ್ಲಿ ಸುಮ್ನೆ ಬಂದು ಪಕ್ಕದಲ್ಲಿ ನಿಂತು, ಇವತ್ತು ಯಾವ ಹುಳಕ್ಕೆ ಕಚ್ತಿದೆ ಅಂತ ಕೇಳುತ್ತಾರೆ. ತಮ್ಮ ಡಬ್ಬಿಯಿಂದ ಒಂದು ಹುಳ ಕೊಟ್ಟೂ ಹೋಗುತ್ತಾರೆ. ಇಲ್ಲಿ ನನ್ನ ಪರಿಚಯ ಬೆಳೆದಿದ್ದು ಜಾಸ್ತಿ ಹಾಗೆಯೇ. ಕನ್ನಡ ಸಂಘ ಎಲ್ಲಿಗೂ ಹೋಗಲ್ಲ, ನವೆಂಬರ್‌ನಲ್ಲಿ ರಾಜ್ಯೋತ್ಸವಕ್ಕೆ ಸಿಕ್ಕೇ ಸಿಗುತ್ತಾರೆ.

ನೀರಿಗಿಳಿಯೋ ಪ್ಯಾಂಟು, ಕೋಲು ನನ್ನ ಹತ್ತಿರ ಎರಡೆರಡಿವೆ. ನಿನ್ನ ಶೂ ಸೈಜು ಎಷ್ಟು ಅಂತ ಹೇಳು.