ಕರೆಂಟ್ ಹೋದಾಗಲೇ ನಲ್ಲಿ ಶಾಕ್ ಹೊಡೆಯಿತು

ಬಾಡಿಗೆ ಮನೆ, ಗೀಸರ್ ಆನ್ ಇದ್ದಾಗ ನಲ್ಲಿ ಮುಟ್ಟಿದರೆ ಜುಮ್ ಅನ್ನುತ್ತೆ, ಎಂಸಿಬಿ (ಕರೆಂಟ್ ಮಿತಿ ಮೀರಿ ಹರಿದರೆ ತಾನೇ ಆಫ್ ಆಗುವ ಸ್ವಿಚ್) ಅಂತೂ ಇದೆ, ಗೀಸರ್ ಆಫ್ ಮಾಡಿ ಸ್ನಾನ ಮಾಡಿದರೆ ಸಾಕಾ ಅಥವಾ ವಾಟರ್‌ಪ್ರೂಫ್ ಸಾಕೆಟ್ ಹಾಕಿಸಬೇಕಾ ಅಂತ ಕೇಳಿದ್ದೀರಿ. ಎರಡೂ ಅಲ್ಲ. ಇದೇ ಜುಮ್ ನಮ್ಮ ಮನೆಯಲ್ಲೂ ಇತ್ತು. ಅದನ್ನು ‘ರಿಪೇರಿ’ ಮಾಡಿದವನು ನಾನೇ.

2014ರ ಮಾತು. ಸಾಗರದ ಹತ್ತಿರ ನಮ್ಮದು ಹಳೇ ಹೆಂಚಿನ ಮನೆ. ಅಲ್ಲಿಯವರೆಗೆ ಬಚ್ಚಲ ಒಲೆ, ತಾಮ್ರದ ಹಂಡೆ, ಅಡಿಕೆ ಸಿಪ್ಪೆಯ ಬೆಂಕಿ. ಅಮ್ಮನಿಗೆ ಹೊಗೆ ಆಗಲ್ಲ ಅಂತ 15 ಲೀಟರಿನ ಗೀಸರ್ ಹಾಕಿಸಿದೆ. ವಾರದೊಳಗೆ ನಲ್ಲಿ ಜುಮ್ ಅನ್ನತೊಡಗಿತು. ಸಾಕೆಟ್ ಬಿಚ್ಚಿದರೆ ಮೇಲಿನ ದೊಡ್ಡ ತೂತಿಗೆ, ಅಂದರೆ ಅರ್ಥ್ ಪಿನ್ನಿಗೆ, ವೈರೇ ಇಲ್ಲ. ಆ ಮನೆಗೆ ಅರ್ಥಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವ್ಯವಸ್ಥೆ, ಮಾಡಿಸಿರಲೇ ಇಲ್ಲ. ಗುಂಡಿ ತೋಡಿ, ಪೈಪ್ ಹೂತು, ಇದ್ದಿಲು ಉಪ್ಪು ತುಂಬಿಸುತ್ತಾ ಕೂರುವವರು ಯಾರು? ಮಾರನೇ ದಿನ ನನಗೆ ಬೆಂಗಳೂರಿನ ಬಸ್ಸು ಬೇರೆ. ನಾಲ್ಕು ಇಂಚಿನ ವೈರ್ ತುಂಡು ತಗೊಂಡು ನ್ಯೂಟ್ರಲ್‌ನಿಂದ ಅರ್ಥ್ ಪಿನ್ನಿಗೆ ಸೇರಿಸಿದೆ. ಜುಮ್ ಮಾಯ! ಅಪ್ಪಯ್ಯ, "ಪರವಾಗಿಲ್ವೋ, ಓದಿಸಿದ್ದು ಸಾರ್ಥಕ" ಅಂದರು.

ಆ ತುಂಡಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಫೇಸ್‌ನಲ್ಲಿ ಬಂದ ಕರೆಂಟ್ ಕೆಲಸ ಮುಗಿಸಿ ವಾಪಸ್ ಹೋಗುವ ದಾರಿ ನ್ಯೂಟ್ರಲ್. ಒಂಥರಾ ಮನೆಯ ಮೋರಿ. ಗೀಸರ್ ಒಳಗೆ ಸೋರುತ್ತಿದ್ದ ಕರೆಂಟ್ ನನ್ನ ತುಂಡು ವೈರ್ ಹಿಡಿದು ಮೋರಿ ಸೇರುತ್ತಿತ್ತು, ಅದಕ್ಕೇ ಜುಮ್ ನಿಂತಿದ್ದು. ಸೋರುವುದು ನಿಂತಿರಲಿಲ್ಲ. ಈಗ ಮೋರಿ ಮುಂದೆಲ್ಲೋ ಕಟ್ಟಿಕೊಂಡರೆ? ಇಡೀ ಮನೆಯ ಕೊಳೆನೀರು ಬಚ್ಚಲಿಗೇ ನುಗ್ಗುತ್ತದೆ, ಅಲ್ವಾ? ಹಾಗೇ ಇದೂ. ಫ್ರಿಜ್ಜೋ ಫ್ಯಾನೋ ಟ್ಯೂಬ್‌ಲೈಟೋ, ಯಾವುದಾದರೂ ಒಂದರ ಸ್ವಿಚ್ ಆನ್ ಇದ್ದರೆ ಸಾಕು. ಅದನ್ನು ದಾಟಿ ಬಂದ ಕರೆಂಟ್ ಮುಂದೆ ಹೋಗಲು ದಾರಿಯಿಲ್ಲದೆ ತುಂಡು ವೈರ್ ಹಿಡಿದು ಗೀಸರ್ ಮೈಗೆ, ಅಲ್ಲಿಂದ ನಲ್ಲಿಗೆ ಬಂದು ಕಾಯುತ್ತಾ ಕೂರುತ್ತದೆ. ಗೀಸರ್ ಸ್ವಿಚ್ ಕತ್ತರಿಸುವುದು ಫೇಸ್ ಒಂದನ್ನೇ. ಅರ್ಥ್ ಪಿನ್ನಿಗೆ ಸ್ವಿಚ್ ಇರುವುದಿಲ್ಲ. ಹಾಗಾಗಿ ‘ಆಫ್ ಮಾಡಿ ಸ್ನಾನ’ ಅನ್ನುವ ಧೈರ್ಯ ಬಿಟ್ಟುಬಿಡಿ.

ಜುಲೈನಲ್ಲಿ ಅದೇ ಆಯಿತು. ಮೂರು ದಿನದಿಂದ ಬಿಡದ ಮಳೆ. ಮೀಟರ್ ಬೋರ್ಡಿನಲ್ಲಿ ತುಕ್ಕು ಹಿಡಿದಿದ್ದ ನ್ಯೂಟ್ರಲ್ ವೈರ್ ಕಳಚಿಕೊಂಡಿತು. ಲೈಟೆಲ್ಲ ಆರಿದವು. ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ಹೋಗುವುದೇನು ಹೊಸದಾ? ಅಪ್ಪಯ್ಯ ಗೀಸರ್ ಆಫ್ ಮಾಡಿ, ಒಳಗೆ ಬಿಸಿನೀರು ಇದೆಯಲ್ಲ ಅಂತ ಟಾರ್ಚ್ ಹಿಡಿದು ಸ್ನಾನಕ್ಕೆ ಹೋದರು. ಒದ್ದೆ ಕಲ್ಲಿನ ಮೇಲೆ ನಿಂತು ನಲ್ಲಿ ತಿರುಗಿಸಿದ್ದಷ್ಟೇ. ಹಿಂದಕ್ಕೆ ಬಿದ್ದು ತಲೆ ಹಂಡೆಯ ಕಟ್ಟೆಗೆ ಬಡಿಯಿತು. ಆರು ಹೊಲಿಗೆ. ಎತ್ತಲು ಓಡಿದ ಅಮ್ಮ ಆಸರೆಗೆ ನಲ್ಲಿ ಹಿಡಿಯಲಿಲ್ಲ, ನಮ್ಮ ಪುಣ್ಯ. ಪಕ್ಕದ ಮನೆಯ ಹುಡುಗ ಬಂದು ಸ್ವಿಚ್ ಹಾಕಿ ಟೆಸ್ಟರ್ ಇಟ್ಟರೆ ಸಾಕೆಟ್ಟಿನ ಮೂರೂ ತೂತಿನಲ್ಲಿ ಉರಿಯಿತಂತೆ. ಅವರ ಮನೆಯಲ್ಲಿ ಕರೆಂಟ್ ಹೋಗಿಯೇ ಇರಲಿಲ್ಲ.

ಎಂಸಿಬಿ? ನಮ್ಮಲ್ಲೂ ಇತ್ತು, ಮಿಸುಕಲಿಲ್ಲ. 16 ಆಂಪಿನ ಎಂಸಿಬಿ ಕಾಯುವುದು ವೈರನ್ನು, ಮನುಷ್ಯನನ್ನಲ್ಲ. ನಿಮಗೆ ಬೇಕಿರುವುದು 30 ಮಿಲಿಆಂಪಿನ ಆರ್‌ಸಿಸಿಬಿ. ಫೇಸ್‌ನಲ್ಲಿ ಹೋದಷ್ಟು ನ್ಯೂಟ್ರಲ್‌ನಲ್ಲಿ ವಾಪಸ್ ಬರಲಿಲ್ಲ ಅಂದರೆ ಅದು ತಟ್ಟನೆ ಬಿದ್ದು ಕರೆಂಟ್ ಕಡಿಯುತ್ತದೆ. ತಿಂಗಳಿಗೊಮ್ಮೆ ‘ಟಿ’ ಬಟನ್ ಒತ್ತಿ ನೋಡಬೇಕು. ಎಲೆಕ್ಟ್ರಿಷಿಯನ್ "ಸುಮ್‌ಸುಮ್ನೆ ಟ್ರಿಪ್ ಆಗುತ್ತೆ ಸಾರ್, ತೆಗೆದುಬಿಡೋಣ" ಅಂದರೆ ಮೊದಲು ಎಲ್ಲಿ ಸೋರುತ್ತಿದೆ ಹುಡುಕಿಸಿ. ಆದರೆ ಆರ್‌ಸಿಸಿಬಿ ಇದೆ ಅಂತ ಅರ್ಥಿಂಗ್ ಬಿಡಬೇಡಿ, ಎರಡೂ ಬೇಕು.

ವಾಟರ್‌ಪ್ರೂಫ್ ಸಾಕೆಟ್ಟಿನ ಮುಚ್ಚಳ ನೀರು ತಡೆಯುತ್ತದೆ, ಹಿಂದಿನ ವೈರಿಂಗ್ ಸರಿಮಾಡುವುದಿಲ್ಲ. ಗೀಸರ್‌ಗೆ ಮಾತ್ರ ಎತ್ತರದಲ್ಲಿ 16 ಆಂಪಿನ ಪಾಯಿಂಟ್, ಸ್ವಿಚ್ ಬಾಗಿಲ ಹೊರಗೆ. ಹೇರ್ ಡ್ರೈಯರ್‌ಗೊಂದು, ಫೋನ್ ಚಾರ್ಜಿಗೊಂದು ಸಾಕೆಟ್ ಬಾತ್‌ರೂಮಿನಲ್ಲಿ ಯಾಕೆ ಬೇಕು ಅಂತ ನನಗಂತೂ ಅರ್ಥವಾಗಿಲ್ಲ. ಇಂಗ್ಲೆಂಡಿನಲ್ಲಿ ಶವರ್ ಜಾಗದಿಂದ ಎರಡೂವರೆ ಮೀಟರಿನೊಳಗೆ ಮಾಮೂಲಿ ಸಾಕೆಟ್ ಹಾಕುವ ಹಾಗೇ ಇಲ್ಲ.

ನಾಳೆಯೇ ಒಬ್ಬ ಎಲೆಕ್ಟ್ರಿಷಿಯನ್ ಕರೆಸಿ, ಮೇನ್ ಆಫ್ ಮಾಡಿಸಿ ಸಾಕೆಟ್ ಬಿಚ್ಚಿಸಿ. ಹಸಿರು ವೈರ್ ಇದೆಯಾ, ಅದು ಹೊರಗಿನ ಅರ್ಥಿಂಗ್ ಗುಂಡಿಯವರೆಗೆ ಹೋಗುತ್ತಾ ನೋಡಿ. ಪಕ್ಕದ ಪಿನ್ನಿನಿಂದಲೇ ಒಂದು ತುಂಡು ಸುತ್ತಿದ್ದರೆ ಫೋಟೊ ತೆಗೆದು ಓನರ್‌ಗೆ ಕಳಿಸಿ. ಅಲ್ಲಿಯವರೆಗೆ ಗೀಸರ್ ಪ್ಲಗ್ ಕಿತ್ತಿಟ್ಟು ಗ್ಯಾಸ್ ಒಲೆಯಲ್ಲಿ ನೀರು ಕಾಯಿಸಿಕೊಳ್ಳಿ. ಬಕೆಟ್ಟಿಗೆ ಹಾಕುವ ರಾಡ್ ತರೋಣ ಅಂತ ಮಾತ್ರ ಹೊರಡಬೇಡಿ.