ಎರಡು ದಿನದ ಮಾತ್ರೆ, ಎಂಟು ಮಿಲಿಮೀಟರು

ಪ್ರಶ್ನೆ: ಡಾಕ್ಟರಮ್ಮನವರಿಗೆ ನಮಸ್ಕಾರ. ನನಗೆ 29 ವರ್ಷ, ಪ್ರಾಥಮಿಕ ಶಾಲೆಯ ಶಿಕ್ಷಕಿ. ಮದುವೆಯಾಗಿ ನಾಲ್ಕು ವರ್ಷ. ಕಳೆದ ವರ್ಷ ಎಂಟನೇ ವಾರದಲ್ಲಿ ಗರ್ಭಪಾತವಾಯಿತು. ಹೀಗಾಗಿ ಈ ಸಲ ಗೊತ್ತಾದ ದಿನದಿಂದಲೇ ದಿನಕ್ಕೆರಡು ಪ್ರೊಜೆಸ್ಟರಾನ್ ಮಾತ್ರೆ ಬರೆದುಕೊಟ್ಟಿದ್ದರು. ಜೂನ್ 12ರ ಸ್ಕ್ಯಾನಿಂಗ್‌ನಲ್ಲಿ ಆರು ವಾರ ಎರಡು ದಿನ, ಎದೆಬಡಿತ ಇದೆ ಎಂದರು. ಜೂನ್ 29 ಮತ್ತು 30ರಂದು ನಾದಿನಿಯ ಸೀಮಂತಕ್ಕೆ ದಾವಣಗೆರೆಗೆ ಹೋಗಿದ್ದೆವು. ಮಾತ್ರೆಯ ಪಟ್ಟಿ ಮನೆಯಲ್ಲಿ ಫ್ರಿಜ್ಜಿನ ಮೇಲೆಯೇ ಉಳಿಯಿತು. ಜುಲೈ 2ಕ್ಕೆ ರಕ್ತ ಕಂಡಿತು. ಜುಲೈ 4ರ ಸ್ಕ್ಯಾನಿಂಗ್‌ನಲ್ಲಿ ಎದೆಬಡಿತ ಇರಲಿಲ್ಲ. ಮರುದಿನ ಕ್ಲೀನ್ ಮಾಡಿಸಿದರು. ನಾಲ್ಕು ದಿನ ಸಾಂದರ್ಭಿಕ ರಜೆ ಹಾಕಿ ಶಾಲೆಗೆ ಹೋದೆ. ‘ಎರಡು ಗುಳಿಗೆ ನುಂಗುವುದಕ್ಕೂ ನೆನಪಿರಲಿಲ್ಲವೇ’ ಎಂದು ಅತ್ತೆ ಒಂದೇ ಸಲ ಕೇಳಿದರು. ನನ್ನ ಗಂಡ ಅದನ್ನೂ ಕೇಳುವುದಿಲ್ಲ. ನನ್ನ ಮರೆವಿನಿಂದಲೇ ಮಗು ಹೋಯಿತೇ? ಮುಂದಿನ ಸಲ ಮೊದಲಿನಿಂದಲೇ ವಾರಕ್ಕೊಂದು ಗರ್ಭ ನಿಲ್ಲುವ ಇಂಜೆಕ್ಷನ್ ಹಾಕಿಸಿಕೊಳ್ಳಬೇಕು ಎನ್ನುತ್ತಾರೆ, ಹೌದೇ? ಎರಡೂ ವರದಿಗಳ ಪ್ರತಿ ಲಗತ್ತಿಸಿದ್ದೇನೆ.
– ಹೆಸರು ಬೇಡ, ರಾಣೆಬೆನ್ನೂರು

ಉತ್ತರ: ತಾಯಿ, ನಿಮ್ಮ ಪತ್ರಕ್ಕಿಂತ ಮೊದಲು ವರದಿಗಳನ್ನು ಓದಿದೆ. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಕೂತ ಚಾಳಿ ಅದು. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಎರಡನೇ ವರದಿಯ ಮೂರನೇ ಸಾಲಿನಲ್ಲೇ ಇದೆ. ಅದನ್ನು ಯಾರೂ ನಿಮಗೆ ಓದಿ ಹೇಳಿಲ್ಲ ಎಂಬುದು ನನಗೆ ಬೇಸರ ತಂದಿತು.

ಆ ಸಾಲಿನಲ್ಲಿ ಭ್ರೂಣದ ಉದ್ದ 8 ಮಿಲಿಮೀಟರು ಎಂದಿದೆ. ಎಂಟು ಮಿಲಿಮೀಟರೆಂದರೆ ಸುಮಾರು ಆರು ವಾರ ಐದು ದಿನದ ಬೆಳವಣಿಗೆ. ಜೂನ್ 12ಕ್ಕೆ ನಿಮಗೆ ಆರು ವಾರ ಎರಡು ದಿನ ತುಂಬಿತ್ತು. ಜುಲೈ 4ಕ್ಕೆ ಒಂಬತ್ತು ವಾರ ಮೂರು ದಿನವಾಗಬೇಕಿತ್ತು. ಕ್ಯಾಲೆಂಡರ್ ಇಟ್ಟುಕೊಂಡು ಎಣಿಸಿ ನೋಡಿ. ಬೆಳವಣಿಗೆ ನಿಂತದ್ದು ಹೆಚ್ಚುಕಡಿಮೆ ಜೂನ್ 15ರ ಸುಮಾರಿಗೆ. ಅಳತೆಯಲ್ಲಿ ಮೂರು ನಾಲ್ಕು ದಿನ ಆಚೀಚೆ ಆಗಬಹುದು, ಎರಡು ವಾರ ಆಗುವುದಿಲ್ಲ. ಮಾತ್ರೆ ತಪ್ಪಿದ್ದು ಜೂನ್ 29ಕ್ಕೆ. ನೀವು ದಾವಣಗೆರೆಯ ಬಸ್ಸು ಹತ್ತುವಾಗಲೇ ಅದು ಮುಗಿದುಹೋಗಿತ್ತು. ಅಷ್ಟೂ ದಿನ ನೀವು ಒಂದು ಮಾತ್ರೆಯನ್ನೂ ಬಿಡದೆ ನುಂಗಿದ್ದಿರಿ.

ಹಾಗಾದರೆ ಮಾತ್ರೆ ನಿಂತ ಬೆನ್ನಿಗೇ ರಕ್ತ ಕಂಡದ್ದೇಕೆ? ಪ್ರೊಜೆಸ್ಟರಾನ್ ಗರ್ಭಕೋಶದ ಒಳಪದರವನ್ನು ಹಿಡಿದಿಡುವ ಹಾರ್ಮೋನು. ಹೊರಗಿನಿಂದ ಕೊಡುತ್ತಿದ್ದುದು ನಿಂತಾಗ ಆ ಪದರ ಸಡಿಲಗೊಂಡಿರಬಹುದು. ಆಗಲೇ ಆಗಿಹೋಗಿದ್ದ ಸಂಗತಿ ಆ ದಿನ ಹೊರಗೆ ಕಂಡಿತು, ಅಷ್ಟೇ. ಕಂಡ ದಿನವನ್ನೇ ಆದ ದಿನವೆಂದು ಹಿಡಿದು ನೀವು ನಿಮ್ಮ ಮೇಲೆ ಕೇಸು ಹಾಕಿಕೊಂಡಿದ್ದೀರಿ.

ಈ ಹಾರ್ಮೋನಿನ ಬಗ್ಗೆ ನಮ್ಮಲ್ಲಿ, ವೈದ್ಯರನ್ನೂ ಸೇರಿಸಿ, ಅತಿಯಾದ ನಂಬಿಕೆ ಇದೆ. ಬಸಿರಿನ ಮೊದಲ ವಾರಗಳಲ್ಲಿ ಇದನ್ನು ತಯಾರಿಸುವುದು ಅಂಡಾಶಯ. ಅಂಡ ಹೊರಬಿದ್ದ ಜಾಗದಲ್ಲಿ ಮೂಡುವ ಹಳದಿ ಬಣ್ಣದ ಗಂಟಿಗೆ ಆ ಕೆಲಸ. ಎಂಟು ಒಂಬತ್ತು ವಾರದ ಹೊತ್ತಿಗೆ ಮಾಸು ಬೆಳೆದು ಜವಾಬ್ದಾರಿ ವಹಿಸಿಕೊಳ್ಳುತ್ತದೆ. ಭ್ರೂಣ ಬೆಳೆಯುವುದನ್ನು ನಿಲ್ಲಿಸಿದರೆ ಹಾರ್ಮೋನು ತಾನಾಗಿ ಇಳಿಯುತ್ತದೆ. ಆಗ ರಕ್ತ ಪರೀಕ್ಷೆ ಮಾಡಿಸಿ ‘ಹಾರ್ಮೋನು ಕಡಿಮೆ ಇತ್ತು, ಅದಕ್ಕೇ ಹೋಯಿತು’ ಎನ್ನುವುದು ಹಲವು ಸಲ ತಿರುಗುಮುರುಗಿನ ಮಾತು. ಮೊದಲ ಮೂರು ತಿಂಗಳಲ್ಲಿ ಹೋಗುವ ಗರ್ಭಗಳಲ್ಲಿ ಅರ್ಧದಷ್ಟಕ್ಕೆ ಕಾರಣ ಭ್ರೂಣದ ಕ್ರೋಮೋಸೋಮುಗಳ ಲೆಕ್ಕ ತಪ್ಪಿರುವುದು. ಅದನ್ನು ಯಾವ ಮಾತ್ರೆಯೂ ತಿದ್ದುವುದಿಲ್ಲ. ಬಸ್ಸಿನ ಕುಲುಕಾಟ, ಮೆಟ್ಟಿಲು, ಸೀಮಂತದ ಮನೆಯಲ್ಲಿ ಬಿದ್ದ ಯಾರದೋ ಕಣ್ಣು, ಇವು ಯಾವುವೂ ಕಾರಣವಲ್ಲ.

ಈಗ ಮುಂದಿನ ಸಲದ ಮಾತು. ಬ್ರಿಟನ್ನಿನಲ್ಲಿ ಗರ್ಭದ ಆರಂಭದಲ್ಲೇ ರಕ್ತ ಕಂಡ 4,153 ಮಹಿಳೆಯರ ಮೇಲೆ ನಡೆದ ‘ಪ್ರಿಸಮ್’ ಎಂಬ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಅರ್ಧ ಜನರಿಗೆ ಯೋನಿಯೊಳಗೆ ಇಡುವ ಪ್ರೊಜೆಸ್ಟರಾನ್, ಉಳಿದವರಿಗೆ ಹಾಗೆಯೇ ಕಾಣುವ ಔಷಧವಿಲ್ಲದ ಗುಳಿಗೆ. ಮಗುವನ್ನು ಎತ್ತಿಕೊಂಡು ಮನೆಗೆ ಹೋದವರು ನೂರಕ್ಕೆ 75 ಮತ್ತು 72. ಒಟ್ಟಾರೆ ನೋಡಿದರೆ ಹೇಳಿಕೊಳ್ಳುವಂಥ ವ್ಯತ್ಯಾಸವಲ್ಲ. ಆದರೆ ಹಿಂದೆ ಮೂರು ಅಥವಾ ಹೆಚ್ಚು ಸಲ ಕಳೆದುಕೊಂಡು, ಈಗ ರಕ್ತವೂ ಕಂಡವರಲ್ಲಿ ಅದು 72 ಮತ್ತು 57. ಇದು ಸಣ್ಣದಲ್ಲ. ಇದನ್ನು ನೋಡಿ 2021ರಲ್ಲಿ ಅಲ್ಲಿನ ಮಾರ್ಗಸೂಚಿ ಬದಲಾಯಿತು: ಹಿಂದೆ ಒಂದಾದರೂ ಗರ್ಭಪಾತವಾಗಿದ್ದು, ಈಗ ರಕ್ತ ಕಂಡು, ಗರ್ಭ ಗರ್ಭಕೋಶದಲ್ಲೇ ಇದೆ ಎಂದು ಖಚಿತವಾದರೆ 400 ಮಿಲಿಗ್ರಾಂ ದಿನಕ್ಕೆರಡು ಸಲ, ಎದೆಬಡಿತ ಕಂಡರೆ ಹದಿನಾರು ವಾರ ತುಂಬುವವರೆಗೆ.

ರಕ್ತ ಕಾಣದವರ ಮಾತೇ ಬೇರೆ. ಪದೇಪದೇ ಗರ್ಭಪಾತವಾಗಿ ಕಾರಣ ಸಿಗದ 836 ಮಹಿಳೆಯರಲ್ಲಿ ಸುಮಾರು ಅರ್ಧ ಜನರಿಗೆ ಗರ್ಭ ನಿಂತದ್ದು ತಿಳಿದಾಗಿನಿಂದಲೇ ಕೊಟ್ಟು ನೋಡಿದ ಅಧ್ಯಯನ 2015ರಲ್ಲಿ ಬಂತು. ಕೊಟ್ಟವರಲ್ಲಿ ಮಗುವಾದದ್ದು ನೂರಕ್ಕೆ 66 ಮಂದಿಗೆ, ಕೊಡದವರಲ್ಲಿ 63. ಉಪಯೋಗವಾಯಿತೆಂದು ಹೇಳಲು ಬರುವಂತಿರಲಿಲ್ಲ. ನಿಮ್ಮ ವೈದ್ಯರು ಮೊದಲಿನಿಂದ ಕೊಟ್ಟರೆ ಅದು ತಪ್ಪೆಂದು ನಾನು ಹೇಳುವುದಿಲ್ಲ. ತಲೆಸುತ್ತು, ತೂಕಡಿಕೆ, ಮಲಬದ್ಧತೆ, ಎದೆ ಬಿಗಿತ ಬಿಟ್ಟರೆ ದೊಡ್ಡ ತೊಂದರೆ ಅಪರೂಪ. ನಿಮ್ಮ ಬಂಧುಗಳು ಹೇಳುವ ವಾರದ ಇಂಜೆಕ್ಷನ್ ಈ ಅಧ್ಯಯನಗಳಲ್ಲಿ ಬಳಸಿದ ಔಷಧವಲ್ಲ. ನೋವು ಕೊಡುವ ಸೂಜಿಗೆ ಶಕ್ತಿ ಜಾಸ್ತಿ ಎಂಬ ಲೆಕ್ಕ ನಮ್ಮೂರಿನದು. ಯಾವುದು ಬೇಕು, ಬೇಕೇ ಬೇಡವೇ ಎಂಬುದನ್ನು ನಿಮ್ಮನ್ನು ನೋಡುವ ವೈದ್ಯರ ಜೊತೆ ಕೂತು ತೀರ್ಮಾನಿಸಿ. ಮುಂದಿನ ಸಲ ರಕ್ತ ಕಂಡರೆ ಅದೇ ದಿನ ಹೋಗಿ.

ಅದಕ್ಕೂ ಮೊದಲು ಆಗಬೇಕಾದ ಕೆಲಸ ಪರೀಕ್ಷೆ. ಎರಡು ಗರ್ಭ ಹೋಗಿವೆ, ಮೂರನೆಯದಕ್ಕೆ ಕಾಯಬೇಕಿಲ್ಲ. ಥೈರಾಯ್ಡ್, ಸಕ್ಕರೆ, ಗರ್ಭಕೋಶದ ಆಕಾರ, ಜೊತೆಗೆ ಆಂಟಿಫಾಸ್ಫೋಲಿಪಿಡ್ ಎಂಬ, ರಕ್ತ ಹೆಪ್ಪುಗಟ್ಟುವಂತೆ ಮಾಡುವ ಪ್ರತಿಕಾಯಗಳು. ಕೊನೆಯದನ್ನು ಹನ್ನೆರಡು ವಾರ ಬಿಟ್ಟು ಇನ್ನೊಮ್ಮೆ ನೋಡಬೇಕು. ಎರಡೂ ಸಲ ಇದ್ದರೆ ಚಿಕಿತ್ಸೆ ಆಸ್ಪಿರಿನ್ ಮತ್ತು ಹೆಪಾರಿನ್, ಪ್ರೊಜೆಸ್ಟರಾನ್ ಅಲ್ಲ. ನಿಮ್ಮ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಆಂಟಿ–ಡಿ ಎಂಬ ಇಂಜೆಕ್ಷನ್ ಕೊಟ್ಟಿದ್ದಾರೆಯೇ ಎಂದು ಬಿಡುಗಡೆ ಚೀಟಿಯಲ್ಲಿ ನೋಡಿ. ಜ್ವರ, ದುರ್ವಾಸನೆಯ ಸ್ರಾವ, ಗಂಟೆಗೆ ಎರಡು ಪ್ಯಾಡ್ ತೊಯ್ಯುವಷ್ಟು ರಕ್ತ ಕಂಡರೆ ಈ ಅಂಕಣ ಬದಿಗಿಟ್ಟು ಆಸ್ಪತ್ರೆಗೆ ಓಡಿ.

ನೀವು ಕೇಳದ ಒಂದು ಮಾತು. ನಮ್ಮಲ್ಲಿ ಹೆತ್ತವಳಿಗೆ ಬಾಣಂತನವಿದೆ. ಎಣ್ಣೆ, ಬಿಸಿನೀರು, ಕಿವಿಗೆ ಹತ್ತಿ, ಅಂಟಿನ ಉಂಡೆ ಎಲ್ಲ ಇದೆ. ಬಸಿರು ಇಳಿದವಳಿಗೆ ಏನೂ ಇಲ್ಲ. 1989ರಲ್ಲಿ ಹನ್ನೊಂದನೇ ವಾರದಲ್ಲಿ ನನಗೂ ಹೋಯಿತು. ನಾಲ್ಕನೇ ದಿನ ಹೊರರೋಗಿ ವಿಭಾಗದಲ್ಲಿ ಕೂತಿದ್ದೆ. ಮೊದಲ ಚೀಟಿ ಏಳು ತಿಂಗಳ ಬಸುರಿಯದು. ಹೊಟ್ಟೆಯ ಮೇಲೆ ಕೈಯಿಟ್ಟು ಕೂಸಿನ ತಲೆ ಹುಡುಕುತ್ತಿದ್ದಾಗ ಅದು ಅಂಗೈಗೇ ಒದೆಯಿತು. ಕೈ ತೊಳೆಯುವ ನೆಪದಲ್ಲಿ ಎದ್ದು ಹೋಗಿ ನಲ್ಲಿ ತಿರುಗಿಸಿದೆ. ನೀರು ಬರಲಿಲ್ಲ. ಆದರೂ ಸ್ವಲ್ಪ ಹೊತ್ತು ಕೈಯೊಡ್ಡಿಕೊಂಡೇ ನಿಂತಿದ್ದೆ. ಹಾಗಾಗಿ ನಾಲ್ಕು ದಿನದ ರಜೆ ಎಂದು ನೀವು ಬರೆದದ್ದು ನನಗೆ ಹಿಡಿಸಲಿಲ್ಲ. ಗರ್ಭಪಾತವಾದವರಿಗೆ ಸಂಬಳ ಸಹಿತ ಆರು ವಾರದ ರಜೆ 1961ರ ಹೆರಿಗೆ ಸೌಲಭ್ಯ ಕಾಯ್ದೆಯಿಂದಲೇ ಇದೆ. ಮುಖ್ಯೋಪಾಧ್ಯಾಯರನ್ನು ಕೇಳಿ, ವೈದ್ಯರ ಪ್ರಮಾಣಪತ್ರ ಕೊಡಿ.

ನಿಮ್ಮ ಯಜಮಾನರ ಮೌನಕ್ಕೆ ನನ್ನಲ್ಲಿ ಔಷಧವಿಲ್ಲ. ಅವರಿಗೂ ಮಾತು ಸಿಗದೆ ಇರಬಹುದು. ಈ ಪುಟವನ್ನು ಅವರ ಕೈಗೆ ಕೊಟ್ಟು ನೋಡಿ. ಎರಡು ವಾರ ಕಳೆದರೂ ನಿದ್ದೆ, ಊಟ ಸರಿಹೋಗದಿದ್ದರೆ ಮನೋವೈದ್ಯರನ್ನು ಕಾಣಲು ಸಂಕೋಚಪಡಬೇಡಿ.

ಅತ್ತೆಯವರ ವಿಷಯದಲ್ಲಿ ಮಾತ್ರ ಒಂದು ಉಪಾಯ ಹೇಳುತ್ತೇನೆ. ಪರೀಕ್ಷೆಗೆ ಹೋಗುವ ದಿನ ಅವರನ್ನೂ ಕರೆದುಕೊಂಡು ಹೋಗಿ, ಎರಡೂ ವರದಿಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಡಿ. ಜೂನ್ 15ರ ಲೆಕ್ಕವನ್ನು ವೈದ್ಯರ ಬಾಯಿಂದಲೇ ಹೇಳಿಸಿ.