ಕಾಡಿನಲ್ಲಿ ಗುಂಡು ತಾಗಿದರೆ ಕಮಾಂಡೋಗಳನ್ನು ನೋಡಿಕೊಳ್ಳುವವರು ಯಾರು?

ನಿಮ್ಮ ತಮ್ಮ ನಮ್ಮ ಸೇನೆಯ ಕಮಾಂಡೋ ಪಡೆ ಪ್ಯಾರಾ ಎಸ್‌ಎಫ್ (ಸ್ಪೆಷಲ್ ಫೋರ್ಸಸ್) ಸೇರಬೇಕು ಅಂತ ಬೆಳಗಿನ ಜಾವ ಎದ್ದು ಓಡುತ್ತಿದ್ದಾನೆ, ಅಮ್ಮ ಮಾತ್ರ "ಕಾಡಲ್ಲಿ ಗುಂಡು ತಾಗಿದ್ರೆ ನೋಡೋರ‍್ಯಾರು, ಡಾಕ್ಟರ್ ಜೊತೇಲಿ ಇರ್ತಾರಾ?" ಅಂತ ಕೊರಗುತ್ತಿದ್ದಾರೆ ಅಂತ ಬರೆದಿದ್ದೀರಿ. ನಾನು ಆರ್ಮಿ ಮೆಡಿಕಲ್ ಕೋರ್‌ನಲ್ಲಿ 17 ವರ್ಷ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದೆ. ಸ್ಪೆಷಲ್ ಫೋರ್ಸಸ್‌ನಲ್ಲಿ ಇರಲಿಲ್ಲ. ಆದರೆ ಗಾಯದ ಪಾಠ ಕಲಿತಿದ್ದೇನೆ, ಹುಡುಗರಿಗೆ ಕಲಿಸಿದ್ದೇನೆ. ಈಗ ದಾವಣಗೆರೆಯ ಒಂದು ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿದ್ದೇನೆ.

ಅಮ್ಮನಿಗೆ ನಿಜ ಹೇಳಿ. ಗಾಯಕ್ಕೆ ಮೊದಲು ಕೈ ಹಾಕುವವನು ಗಾಯ ಆದವನೇ. ಆಮೇಲೆ ಪಕ್ಕದಲ್ಲಿರುವ ಜೊತೆಗಾರ. ಆಮೇಲೆ ತಂಡದಲ್ಲಿ ಈ ಕೆಲಸಕ್ಕೆ ಅಂತಲೇ ತರಬೇತಿ ಪಡೆದವನು. ಡಾಕ್ಟರ್ ಕೈಗೆ ಸಿಗುವುದು ಅದೆಲ್ಲ ಆದಮೇಲೆ. ನಮ್ಮ ಡಾಕ್ಟರುಗಳಿಗೆ ಧೈರ್ಯ ಕಡಿಮೆ ಅಂತ ಅಲ್ಲ. 1951ರ ಮಾರ್ಚ್‌ನಲ್ಲಿ ಕೊರಿಯಾದ ಮುನ್ಸಾನ್‌ನಲ್ಲಿ ಅಮೆರಿಕದ ಸೈನಿಕರ ಜೊತೆ ನಮ್ಮ ಸೇನೆಯ '60 ಪ್ಯಾರಾಶೂಟ್ ಫೀಲ್ಡ್ ಆಂಬುಲೆನ್ಸ್' ಅನ್ನುವ ವೈದ್ಯಕೀಯ ಘಟಕದ ತಂಡವೂ ವಿಮಾನದಿಂದ ಹಾರಿತ್ತು. ಆ ಘಟಕದ ಮುಖ್ಯಸ್ಥ ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್, ಅವರೂ ಡಾಕ್ಟರೇ, ಮಹಾವೀರ ಚಕ್ರ ಪಡೆದರು. ಆದರೆ ತೊಡೆಯ ದೊಡ್ಡ ರಕ್ತನಾಳ ಹರಿದರೆ ಕೆಲವೇ ನಿಮಿಷದಲ್ಲಿ ಜೀವ ಹೋಗುತ್ತದೆ. ಡಾಕ್ಟರ್ ಇನ್ನೂರು ಮೀಟರ್ ದೂರದಲ್ಲೇ ಇದ್ದರೂ, ಗುಂಡು ಹಾರುವಾಗ ಅಷ್ಟರೊಳಗೆ ತಲುಪುತ್ತಾರಾ?

ಯುದ್ಧದ ಗಾಯಾಳುವನ್ನು ನೋಡಿಕೊಳ್ಳಲು ಈಗ ಪ್ರಪಂಚದ ಹಲವು ಸೇನೆಗಳು ಪಾಲಿಸುವ ಕ್ರಮ ಶುರುವಾಗಿದ್ದು 1996ರಲ್ಲಿ, ಅಮೆರಿಕದಲ್ಲಿ. ಅದನ್ನು ಬರೆದವರಲ್ಲಿ ಮುಖ್ಯರಾದವರು ಫ್ರಾಂಕ್ ಬಟ್ಲರ್. ಮೊದಲು ನೌಕಾಪಡೆಯ ಸೀಲ್ ಕಮಾಂಡೋ, ಆಮೇಲೆ ಕಣ್ಣಿನ ಡಾಕ್ಟರ್. ಎರಡೂ ಕಡೆಯ ಕಷ್ಟ ಬಲ್ಲವರು. ಗುಂಡು ಹಾರುತ್ತಿರುವಷ್ಟು ಹೊತ್ತು ತಿರುಗಿ ಗುಂಡು ಹೊಡೆಯುವುದೇ ಮೊದಲ ಕೆಲಸ. ಮರೆಗೆ ಸರಿಯಬೇಕು. ಕೈಯಿಂದಲೋ ಕಾಲಿಂದಲೋ ರಕ್ತ ಚಿಮ್ಮುತ್ತಿದ್ದರೆ ಟೂರ್ನಿಕೆ, ಅಂದರೆ ರಕ್ತ ತಡೆಯುವ ಪಟ್ಟಿ, ಬಿಗಿಯಬೇಕು. ಆ ಹೊತ್ತಿಗೆ ಅಷ್ಟೇ ಸಾಕು. ಉಸಿರಾಟ, ಎದೆಯ ಗಾಯ, ಡ್ರಿಪ್ ಎಲ್ಲ ಆಮೇಲೆ.

ಟೂರ್ನಿಕೆಯ ಪಟ್ಟಿ ಅಗಲವಾಗಿರುತ್ತದೆ, ಅದರಲ್ಲೊಂದು ಗಟ್ಟಿ ಕಡ್ಡಿ. ಕಡ್ಡಿ ತಿರುವಿದಷ್ಟೂ ಪಟ್ಟಿ ಬಿಗಿಯುತ್ತದೆ. ಕಟ್ಟಿದರೆ ಕಾಲೇ ಹೋಗುತ್ತದೆ ಅನ್ನುವ ಹೆದರಿಕೆ ತುಂಬಾ ವರ್ಷ ಇತ್ತು. ಇರಾಕ್‌ನ ಬಾಗ್ದಾದ್‌ನಲ್ಲಿದ್ದ ಅಮೆರಿಕದ ಸೇನಾ ಆಸ್ಪತ್ರೆಯ ಲೆಕ್ಕ 2009ರಲ್ಲಿ ಪ್ರಕಟವಾದಾಗ, ಟೂರ್ನಿಕೆಯಿಂದಲೇ ಕೈಕಾಲು ಕಳೆದುಕೊಂಡವರು ಒಬ್ಬರೂ ಸಿಗಲಿಲ್ಲ. ಶಾಕ್‌ಗೆ ಹೋಗುವ, ಅಂದರೆ ರಕ್ತ ಕಳೆದುಕೊಂಡು ಮೈ ಕುಸಿಯುವ ಮೊದಲೇ ಕಟ್ಟಿಸಿಕೊಂಡವರಲ್ಲಿ ನೂರಕ್ಕೆ 90 ಜನ ಉಳಿದಿದ್ದರು. ಶಾಕ್‌ಗೆ ಹೋದಮೇಲೆ ಕಟ್ಟಿದವರಲ್ಲಿ ಬರೀ 10. ಈ ಎರಡು ಸಂಖ್ಯೆ ನನ್ನ ತಲೆಯಿಂದ ಹೋಗುವುದೇ ಇಲ್ಲ.

ಇದನ್ನು ಬರೀ ವೈದ್ಯಕೀಯದವರಿಗಲ್ಲದೆ ಪ್ರತಿಯೊಬ್ಬನಿಗೂ ಕಲಿಸಿದ್ದು ಅಮೆರಿಕದ ಕಮಾಂಡೋ ಪಡೆಗಳಲ್ಲೊಂದಾದ 75ನೇ ರೇಂಜರ್ ರೆಜಿಮೆಂಟ್. 2001ರಿಂದ 2010ರವರೆಗೆ ಅವರಲ್ಲಿ 419 ಜನರಿಗೆ ಗಾಯವಾಯಿತು, 32 ಜನ ತೀರಿಕೊಂಡರು. ಆಸ್ಪತ್ರೆ ತಲುಪುವ ಮೊದಲು ಇನ್ನೇನಾದರೂ ಮಾಡಿದ್ದರೆ ಉಳಿಯುತ್ತಿದ್ದ ಅನ್ನುವಂಥವನು ಆ 32ರಲ್ಲಿ ಒಬ್ಬನೂ ಇರಲಿಲ್ಲ. ನಮ್ಮಲ್ಲೂ ವೈದ್ಯಕೀಯಕ್ಕೆ ಸೇರದ ಜವಾನರನ್ನೇ ಆರಿಸಿ ಬ್ಯಾಟಲ್ ಫೀಲ್ಡ್ ನರ್ಸಿಂಗ್ ಅಸಿಸ್ಟೆಂಟ್ ತರಬೇತಿ ಕೊಡುತ್ತಾರೆ. ನಿಮ್ಮ ತಮ್ಮನಿಗೆ ಅವಕಾಶ ಸಿಕ್ಕರೆ ಬಿಡಬಾರದು ಅಂತ ಹೇಳಿ.

ಮರೆಗೆ ಬಂದಮೇಲಿನ ಕೆಲಸಗಳೂ ಇವೆ. ಗಾಯಾಳು ತಡವರಿಸಿ ಮಾತಾಡುತ್ತಿದ್ದರೆ ಮೊದಲು ಅವನ ಬಂದೂಕು, ವೈರ್‌ಲೆಸ್ ತೆಗೆದುಕೊಳ್ಳಬೇಕು. ಎಷ್ಟೇ ಒಳ್ಳೆಯ ಸೈನಿಕನಾದರೂ ರಕ್ತ ಕಳೆದುಕೊಂಡ ತಲೆ ಅವನ ಹಿಡಿತದಲ್ಲಿರುವುದಿಲ್ಲ. ನೋವಿಗೆ ಅಮೆರಿಕದವರು ಫೆಂಟನಿಲ್ ಅನ್ನುವ ಬಲವಾದ ನೋವಿನ ಔಷಧಿ ಇರುವ, ಲಾಲಿಪಾಪ್‌ನಂಥ ಕಡ್ಡಿ ಕೊಡುತ್ತಿದ್ದರು. ಅದನ್ನು ಗಾಯಾಳುವಿನ ಬೆರಳಿಗೇ ಟೇಪ್‌ನಿಂದ ಸುತ್ತಿ ಬಾಯಿಗಿಡುತ್ತಿದ್ದರು. ಜಾಸ್ತಿ ಮಂಪರು ಬಂದರೆ ಕೈ ತಾನಾಗಿ ಜಾರುತ್ತಿತ್ತು, ಔಷಧಿಯೂ ಬಾಯಿಂದ ಹೊರಗೆ ಬರುತ್ತಿತ್ತು. ಇನ್ನೊಂದು ಮುಖ್ಯ ಕೆಲಸ, ಮೈ ಬೆಚ್ಚಗಿಡುವುದು. ಮೈ ತಣ್ಣಗಾದರೆ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ಸುಡುವ ಬಿಸಿಲಲ್ಲೂ ಕಂಬಳಿ ಹೊದಿಸುತ್ತಾರೆ.

ಅದು ನನಗೆ ಚೆನ್ನಾಗಿ ಅರ್ಥವಾಗಿದ್ದು ಇಲ್ಲಿಗೆ ಬಂದಮೇಲೆ. ಮೆಕ್ಕೆಜೋಳದ ಸುಗ್ಗಿ. ಜಗಳೂರು ಕಡೆಯ ಹುಡುಗನೊಬ್ಬನನ್ನು ಟಾಟಾ ಏಸ್‌ನಲ್ಲಿ ಮಲಗಿಸಿಕೊಂಡು ಬಂದರು. ಒಕ್ಕುವ ಮಷಿನ್‌ಗೆ ಮುಂಗೈ ಸಿಕ್ಕಿತ್ತು. ಒಂದರ ಮೇಲೊಂದು ನಾಲ್ಕು ಟವೆಲ್ ಸುತ್ತಿದ್ದರು, ಒಳಗೆ ಕಾಫಿ ಪುಡಿ. ಮೇಲಿನ ಟವೆಲ್ ಒಣಗಿದ್ದರಿಂದ ರಕ್ತ ನಿಂತಿದೆ ಅಂತಲೇ ಎಲ್ಲರೂ ನಂಬಿದ್ದರು. ಮೊಣಕೈ ತುದಿಯಿಂದ ಮಾತ್ರ ತೊಟ್ಟಿಕ್ಕುತ್ತಲೇ ಇತ್ತು. ಮಟಮಟ ಮಧ್ಯಾಹ್ನ. ಹುಡುಗ "ಚಳಿ, ಚಳಿ" ಅನ್ನುತ್ತಿದ್ದ. ರಟ್ಟೆಗೆ ಟೂರ್ನಿಕೆ ಹಾಕಿ ಮೂರು ಸುತ್ತು ತಿರುವಿದೆ. ನೋವಿಗೆ ಚೀರಿದ. ತೊಟ್ಟಿಕ್ಕುವುದು ನಿಂತಿತು. ಹುಡುಗ ಉಳಿದ. ಎರಡು ಬೆರಳು ಮಡಚಲು ಬರುವುದಿಲ್ಲ. ಅವನನ್ನು ಕರೆತಂದ ಮಾವ ಗೋಡೆಗೆ ಒರಗಿ, "ದಾರಿ ಉದ್ದಕ್ಕೂ ಸುಮ್ನೆ ಕೂತಿದ್ನಲ್ಲ ಸಾರ್, ಒತ್ತಿ ಹಿಡೀಬೇಕು ಅಂತ ಗೊತ್ತಿರ್ಲಿಲ್ಲ" ಅಂತ ಅತ್ತರು.

ಅದಕ್ಕೇ ನಿಮಗೂ ಹೇಳುತ್ತೇನೆ. 108ಕ್ಕೆ ಫೋನ್ ಮಾಡಿಸಿ. ಬಟ್ಟೆಯನ್ನು ಗಾಯದೊಳಗೇ ತುರುಕಿ, ಮೈಭಾರ ಬಿಟ್ಟು ಒತ್ತಿ. ಒತ್ತಿದರೂ ಕೈಕಾಲಿನ ರಕ್ತ ನಿಲ್ಲದಿದ್ದರೆ, ಗಾಯಕ್ಕಿಂತ ಎರಡು ಮೂರು ಇಂಚು ಮೇಲೆ, ಕೀಲು ಬಿಟ್ಟು, ಅಗಲವಾದ ಬಟ್ಟೆ ಕಟ್ಟಿ. ಅದರೊಳಗೆ ಗಟ್ಟಿ ಕೋಲೋ ಸ್ಪ್ಯಾನರೋ ತೂರಿಸಿ ರಕ್ತ ನಿಲ್ಲುವವರೆಗೂ ತಿರುವಿ. ವೈರು, ಸಣ್ಣ ಹಗ್ಗ ಬೇಡ. ನಡುನಡುವೆ ಸಡಿಲಿಸುವುದೂ ಬೇಡ, ಅದು ಹಳೆಯ ಪಾಠ. ಕಟ್ಟಿದ ಹೊತ್ತನ್ನು ಪೆನ್ನಿನಲ್ಲಿ ಬರೆದಿಡಿ. ಬಿಚ್ಚುವುದು ಆಸ್ಪತ್ರೆಯವರ ಕೆಲಸ.

ನೀವೂ ದಾವಣಗೆರೆಯವರೇ ಅಂತ ಗೊತ್ತಾಯಿತು. ಭಾನುವಾರ ನನಗೆ ರಜೆ ಇರುತ್ತದೆ. ತಮ್ಮನನ್ನು ಕರೆದುಕೊಂಡು ಬನ್ನಿ, ಒಂದು ಟವೆಲ್ಲು ಒಂದು ಸ್ಪ್ಯಾನರು ಸಾಕು. ಅಮ್ಮನೂ ಬರಲಿ.